ಕವಡೆ, ಕಡ್ಡಿ ಮತ್ತು ಗಣಕ

ಈಚಿನ ವರ್ಷಗಳಲ್ಲಿ ನನಗೆ ಬರುವ ದೂರವಾಣಿ ಕರೆಗಳಲ್ಲಿ, ಕುಶಲ ಪ್ರಶ್ನೆಗಳೆಲ್ಲ ಮುಗಿದ ಬಳಿಕ ತಪ್ಪದೆ ಬರುವ ಮಾತೊಂದಿದೆ. "ಸರ್, ಮಗನಿಗೆ ಎಂಟು ತುಂಬಿತು. ಕೋಡಿಂಗ್ ತರಗತಿಗೆ ಸೇರಿಸಬೇಕೆಂದಿದ್ದೇವೆ. ತಮ್ಮ ಅಭಿಪ್ರಾಯವೇನು?" ಹೀಗೆ ಕೇಳುವವರು ಒಂದು ಕಾಲಕ್ಕೆ ನನ್ನೆದುರು ಕುಳಿತು ಭಿನ್ನರಾಶಿ, ಬೀಜಗಣಿತಗಳನ್ನು ಕಲಿತವರು. ಅವರಲ್ಲಿ ಅನೇಕರು ಈಗ ತಂತ್ರಾಂಶದ ಉದ್ಯೋಗದಲ್ಲಿಯೇ ಇದ್ದಾರೆ. ಗಣಕದ ಒಳಹೊರಗನ್ನು ನನಗಿಂತ ನೂರು ಪಾಲು ಬಲ್ಲವರು ಸೀಮೆಸುಣ್ಣದ ಮೇಷ್ಟ್ರನ್ನು ಕೇಳುವುದು ನನಗೆ ಸೋಜಿಗವೇ ಸರಿ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ, ಆರು ವರ್ಷದ ಮಕ್ಕಳೂ ಕೋಡಿಂಗ್ ಕಲಿಯದಿದ್ದರೆ ಬಾಳೇ ಹಾಳೆಂಬಂತೆ ಜಾಹೀರಾತುಗಳು ಬಂದವು. ಆ ಜಾಹೀರಾತುಗಳ ಅಬ್ಬರ ಇಳಿದಿದೆ; ಅವು ಬಿತ್ತಿದ ಭಯ ಇನ್ನೂ ಇಳಿದಿಲ್ಲ.

ನನ್ನ ಉತ್ತರ ಎಲ್ಲರಿಗೂ ಒಂದೇ. "ಹಣ ಕಟ್ಟುವ ಮೊದಲು ಮಗುವಿನ ಕೈಯಿಂದ ಒಂದು ಆಟ ಮಾಡಿಸು. ಆಡಿಸುವುದಲ್ಲ, ಮಾಡಿಸು." ಕೆಲವರು ನಕ್ಕು ಸುಮ್ಮನಾಗುತ್ತಾರೆ. ಕೆಲವರು, ಅದರಲ್ಲಿಯೂ ತಾಯಂದಿರು, ಏನು ಹಾಗೆಂದರೆ ಎಂದು ವಿಚಾರಿಸುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಕೋಡಿಂಗ್ ಎಂಬುದರ ಹಿಂದೆ ಇರುವ, ಇರಬೇಕಾದ, ಸಂಗತಿಗೆ ಕಂಪ್ಯುಟೇಷನಲ್ ಥಿಂಕಿಂಗ್ ಎಂದು ಹೆಸರು. ಗಣನಾತ್ಮಕ ಚಿಂತನೆ ಎಂದು ಕನ್ನಡಿಸುತ್ತಾರೆ. ಆ ಅನುವಾದ ನನಗೆ ಅಷ್ಟು ಹಿಡಿಸದು. ಮಗ್ಗಿಯ ವಾಸನೆ ಬರುತ್ತದೆ. ಆದರೆ ಅದಕ್ಕಿಂತ ಒಳ್ಳೆಯದು ಹೊಳೆಯುವವರೆಗೆ ಅದೇ ಇರಲಿ. ಸೀಮೋರ್ ಪ್ಯಾಪರ್ಟ್ 1980ರಲ್ಲಿ ಪ್ರಕಟಿಸಿದ 'ಮೈಂಡ್‌ಸ್ಟಾರ್ಮ್ಸ್' ಎಂಬ ಗ್ರಂಥದಲ್ಲಿ ಈ ಪದವನ್ನು ಬಳಸಿದ್ದರು. 2006ರಲ್ಲಿ ಜೆನೆಟ್ ವಿಂಗ್ ಎಂಬ ಗಣಕ ವಿಜ್ಞಾನಿ ಬರೆದ ಪುಟ್ಟ ಲೇಖನದಿಂದ ಅದು ಲೋಕಕ್ಕೆಲ್ಲ ಹರಡಿತು. ಓದು, ಬರಹ, ಲೆಕ್ಕಗಳ ಜೊತೆಗೆ ಇದೂ ಪ್ರತಿಯೊಂದು ಮಗುವಿಗೂ ಬೇಕಾದ ಶಕ್ತಿ, ಇದು ಗಣಕ ವಿಜ್ಞಾನಿಗಳ ಸ್ವತ್ತಲ್ಲ ಎಂಬುದು ಆಕೆಯ ವಾದ. ದೊಡ್ಡ ಸಮಸ್ಯೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಬಿಡಿಸುವುದು, ತುಂಡುಗಳ ನಡುವೆ ಹೋಲಿಕೆ ಕಾಣುವುದು, ಬೇಕಾದದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವುದು, ಕೊನೆಗೆ ಬುದ್ಧಿಯಿಲ್ಲದ ಯಂತ್ರವೂ ತಪ್ಪದೆ ನಡೆಸಬಲ್ಲ ಹಾಗೆ ಹೆಜ್ಜೆಹೆಜ್ಜೆಯಾಗಿ ವಿಧಿಯನ್ನು ಬರೆಯುವುದು. ಇಷ್ಟೇ. ಒಳ್ಳೆಯ ಅಡುಗೆಯವರೂ ನೇಯ್ಗೆಯವರೂ ಇದನ್ನು ಹೆಸರಿಲ್ಲದೆ ಮಾಡಿಕೊಂಡು ಬಂದಿದ್ದಾರೆ.

ಇದನ್ನು ಕಲಿಸಲು ಆಟವೇ ಏಕೆ? ಏಕೆಂದರೆ ನಿಯಮಗಳ ಬಗ್ಗೆ ಮಕ್ಕಳು ತಾವಾಗಿಯೇ, ಅದೂ ಪ್ರಾಣ ಹೋಗುವ ಹಾಗೆ, ಜಗಳವಾಡುವ ಸ್ಥಳ ಇದೊಂದೇ. ವ್ಯಾಕರಣದ ನಿಯಮಕ್ಕಾಗಿ ಯಾವ ಮಗುವೂ ಇನ್ನೊಂದು ಮಗುವಿನ ಅಂಗಿ ಹಿಡಿದು ಎಳೆದದ್ದನ್ನು ನಾನು ಕಂಡಿಲ್ಲ. "ಕಟ್ಟೆಯಲ್ಲಿದ್ದ ಕಾಯಿಯನ್ನು ಕಡಿದೆ, ಅದು ಮೋಸ!" ಎಂಬ ಕೂಗನ್ನು ಕೇಳದ ಜಗಲಿ ನಮ್ಮ ಸೀಮೆಯಲ್ಲಿಲ್ಲ.

ನಿವೃತ್ತಿಯ ಬಳಿಕ ಬೇಸಿಗೆ ರಜೆಗಳಲ್ಲಿ ಅಕ್ಕಪಕ್ಕದ ಮನೆಗಳ ಮಕ್ಕಳನ್ನು ನಮ್ಮ ಜಗಲಿಯಲ್ಲಿ ಸೇರಿಸಿಕೊಳ್ಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಅಲ್ಲಿ ಮೊದಲ ದಿನದ ಕೆಲಸ ಯಾವಾಗಲೂ ಚೌಕಾಬಾರದ್ದು. ಐದು ಸಾಲು, ಐದು ಅಂಕಣ, ಇಪ್ಪತ್ತೈದು ಮನೆ, ನಾಲ್ಕು ಕವಡೆ. ಎಲ್ಲರಿಗೂ ಗೊತ್ತಿರುವ ಆಟ. ನಾನು ಹೇಳುವುದು ಇಷ್ಟು: "ಈ ಆಟವನ್ನು ಕಂಡೇ ಇರದ ಒಬ್ಬನಿಗೆ ಕಾಗದ ಬರೆದು ಕಲಿಸಿ. ಅವನು ಮಹಾ ವಿಧೇಯ, ಆದರೆ ತಲೆ ಓಡಿಸುವವನಲ್ಲ. ನೀವು ಬರೆದದ್ದನ್ನಷ್ಟೇ ಮಾಡುತ್ತಾನೆ." ಕಾಲು ಗಂಟೆಯಲ್ಲಿ ಎಲ್ಲರೂ ಬರೆದು ಮುಗಿಸುತ್ತಾರೆ. ಆಮೇಲೆ ಆ ವಿಧೇಯನ ಪಾತ್ರ ನನ್ನದು.

"ಕವಡೆ ಹಾಕು" ಎಂದು ಬರೆದಿದ್ದರೆ ಕವಡೆಗಳನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ. "ಬಿದ್ದಷ್ಟು ಮನೆ ನಡೆಸು" ಎಂದರೆ ಯಾವ ದಿಕ್ಕಿಗೆಂದು ಕೇಳದೆ ಹಿಮ್ಮುಖವಾಗಿ ನಡೆಸುತ್ತೇನೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಕಾಗದವನ್ನು ಕಿತ್ತುಕೊಂಡು ತಿದ್ದುತ್ತಾರೆ. ಹೊರಸುತ್ತಿನ ಹದಿನಾರು ಮನೆಗಳನ್ನು ದಾಟಿ ಒಳಸುತ್ತಿನ ಎಂಟು ಮನೆಗಳಿಗೆ ಹೊಕ್ಕಾಗ ದಿಕ್ಕು ಬದಲಾಗುತ್ತದೆಂಬುದನ್ನು ಬರೆಯಲು ಅವರಿಗೆ ಮೂರು ನಾಲ್ಕು ಪ್ರಯತ್ನ ಬೇಕು. ಆ ನಡುವೆ ಯಾರಾದರೊಬ್ಬರಿಗೆ ಮನೆಗಳಿಗೆ ಸಂಖ್ಯೆ ಕೊಟ್ಟುಬಿಟ್ಟರೆ ದಿಕ್ಕಿನ ತಂಟೆಯೇ ಇಲ್ಲವೆಂಬುದು ಹೊಳೆಯುತ್ತದೆ. ಸುರುಳಿಯಾಗಿ ಸುತ್ತಿದ ಹಾದಿಯನ್ನು ಬಿಡಿಸಿ, ಒಂದರಿಂದ ಇಪ್ಪತ್ತೈದರವರೆಗಿನ ನೇರ ಗೆರೆಯನ್ನಾಗಿ ಮಾಡಿಕೊಂಡು, ಇಪ್ಪತ್ತೈದು ಮುಟ್ಟಿದ ಕಾಯಿ ಹಣ್ಣಾಯಿತು ಎಂದು ಬರೆಯುವ ಮಗು, ಪಂಡಿತರು ಅಮೂರ್ತೀಕರಣವೆಂದು ಕರೆಯುವ ಕ್ರಿಯೆಯನ್ನು ಸುಣ್ಣದ ಕಡ್ಡಿಯಲ್ಲಿ ಮಾಡಿ ತೋರಿಸಿದೆ.

ಅಷ್ಟರಲ್ಲಿ ನಿಜವಾದ ಜಗಳ ಆರಂಭವಾಗುತ್ತದೆ. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಇನ್ನೊಂದು ಮನೆಯಲ್ಲಿ ಆ ನಿಯಮವೇ ಇಲ್ಲ. ಮೂರು ಬಾರಿ ಒಂದೇ ಸಮನೆ ಬಾರಾ ಬಿದ್ದರೆ ಏನು? ಹಣ್ಣಾಗಲು ಎರಡು ಬೇಕಿದ್ದಾಗ ಮೂರು ಬಿದ್ದರೆ? "ನಮ್ಮಜ್ಜಿ ಹೀಗೆ ಆಡುತ್ತಿದ್ದರು" ಎಂಬುದು ಪ್ರಮಾಣವೇ, ಅಲ್ಲವೇ? ನಾನು ತೀರ್ಪು ಕೊಡುವುದಿಲ್ಲ. ನಿಯಮ ಆಕಾಶದಿಂದ ಬಿದ್ದದ್ದಲ್ಲ, ಯಾರೋ ಮಾಡಿದ್ದು, ಬೇಕಾದರೆ ನಾವೂ ಬದಲಿಸಬಹುದು, ಆದರೆ ಬದಲಿಸಿದ ಮೇಲೆ ಎಲ್ಲರಿಗೂ ಅದೇ ಅನ್ವಯಿಸಬೇಕು ಎಂಬ ಅರಿವು ಆ ಜಗಳದಲ್ಲಿ ಹುಟ್ಟುತ್ತದೆ. ಪೌರನೀತಿಯ ಪಾಠಪುಸ್ತಕದಿಂದ ಅದನ್ನು ಹುಟ್ಟಿಸಲು ನನ್ನ ಸಹೋದ್ಯೋಗಿಗಳು ಪಟ್ಟ ಪಾಡನ್ನು ನಾನು ಬಲ್ಲೆ.

ಈ ತಯಾರಿಯೆಲ್ಲ ಆದ ಮೇಲೆಯೇ ಗಣಕದ ಮುಚ್ಚಳ ತೆರೆಯುವುದು. ನಾವು ಬಳಸುವುದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಲೋಕಕ್ಕೆ ಬಿಟ್ಟ ತಂತ್ರಾಂಶ ಅದು, ಬೆಲೆಯಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಕಾರ್ಯಕ್ರಮ ಸಿದ್ಧ. ಅರ್ಧವಿರಾಮ ಬಿಟ್ಟುಹೋಯಿತೆಂದು ಗಣಕ ಮುನಿಸಿಕೊಳ್ಳುವ ಭಯವಿಲ್ಲ. ಒಮ್ಮೆ ಇಳಿಸಿಕೊಂಡರೆ ಅಂತರಜಾಲದ ಸಂಪರ್ಕವಿಲ್ಲದೆಯೂ ನಡೆಯುತ್ತದೆ. ಇದರ ಅಜ್ಜ ಲೋಗೋ ಎಂಬ ಭಾಷೆ. ಪ್ಯಾಪರ್ಟ್, ವಾಲಿ ಫ್ಯೂರ್ಜಿಗ್, ಸಿಂಥಿಯಾ ಸಾಲೊಮನ್ ಮೊದಲಾದವರು 1967ರಲ್ಲಿ ಮಕ್ಕಳಿಗಾಗಿಯೇ ರಚಿಸಿದ್ದು. ಆಮೆಯೊಂದಕ್ಕೆ ಮುಂದೆ ನಡೆ, ಬಲಕ್ಕೆ ತಿರುಗು ಎಂದು ಆಜ್ಞಾಪಿಸಿ ಚಿತ್ರ ಬಿಡಿಸುವ ಆ ಕ್ರಮವನ್ನು ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ಕಂಡಿರಬಹುದು.

ಎರಡು ಬೇಸಿಗೆಗಳ ಹಿಂದೆ ನಮ್ಮ ಜಗಲಿಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಸ್ಕ್ರ್ಯಾಚಿನಲ್ಲಿ ಚೌಕಾಬಾರದ ಗರ ಹಾಕುವ ಭಾಗವನ್ನು ಮಾಡಿದ. ಒಂದು, ಎರಡು, ಮೂರು, ಚೌಕ ಅಂದರೆ ನಾಲ್ಕು, ಬಾರಾ ಅಂದರೆ ಎಂಟು. ಈ ಐದರಲ್ಲಿ ಯಾವುದಾದರೊಂದನ್ನು ಆರಿಸು ಎಂದು ಗಣಕಕ್ಕೆ ಹೇಳಿದ. ಅಂದವಾಗಿಯೇ ನಡೆಯಿತು. ಸಂಜೆ ಅವನ ಅಜ್ಜಿ ಬಂದು ಕುಳಿತು ನಾಲ್ಕಾರು ಗರ ಹಾಕಿ ನೋಡಿ, "ಇದೇನಪ್ಪ, ಈ ಡಬ್ಬಿಗೆ ಬರೀ ಬಾರಾ ಬೀಳುತ್ತದಲ್ಲ! ಇದು ಕಳ್ಳಾಟ" ಎಂದರು. ಹುಡುಗನಿಗೆ ಅವಮಾನವಾಯಿತು. ಆದರೆ ಆ ಹೆಂಗಸು ಅರವತ್ತು ವರ್ಷಗಳಿಂದ ಕವಡೆ ಹಾಕಿದವರು. ಅವರ ಕೈಗೆ ಗೊತ್ತಿದ್ದದ್ದು ಮೊಮ್ಮಗನ ಕಾರ್ಯಕ್ರಮಕ್ಕೆ ಗೊತ್ತಿರಲಿಲ್ಲ.

ಮರುದಿನ ಎಲ್ಲರೂ ಸೇರಿ ಪಟ್ಟಿ ಮಾಡಿದೆವು. ಪ್ರತಿ ಕವಡೆಯೂ ಬಾಯಿ ಮೇಲಾಗಿ ಬೀಳಬಹುದು, ಕವುಚಿ ಬೀಳಬಹುದು. ನಾಲ್ಕು ಕವಡೆಗೆ ಒಟ್ಟು 16 ರೀತಿ. ಅವುಗಳಲ್ಲಿ ಒಂದು ಬೀಳುವುದು 4 ರೀತಿಯಲ್ಲಿ, ಎರಡು 6 ರೀತಿಯಲ್ಲಿ, ಮೂರು 4 ರೀತಿಯಲ್ಲಿ. ನಾಲ್ಕೂ ಬಾಯಿ ತೆರೆದ ಚೌಕ ಒಂದೇ ರೀತಿ. ನಾಲ್ಕೂ ಕವುಚಿದ ಬಾರಾ ಒಂದೇ ರೀತಿ. ಹುಡುಗನ ಗಣಕದಲ್ಲಿ ಬಾರಾ ಐದರಲ್ಲಿ ಒಂದು ಸಲ ಬೀಳುತ್ತಿತ್ತು. ಬೀಳಬೇಕಾದದ್ದು ಹದಿನಾರರಲ್ಲಿ ಒಂದು ಸಲ. ಸರಾಸರಿ ಗರ ಎರಡೂವರೆ ಇರಬೇಕಾದಲ್ಲಿ ಮೂರೂವರೆಯನ್ನೂ ಮೀರಿತ್ತು. ಅಜ್ಜಿಯ ಮಾತು ಅಕ್ಷರಶಃ ಸತ್ಯ. ಆಗ ಆ ಹುಡುಗ ಮಾಡಿದ ತಿದ್ದುಪಡಿ ನನಗೆ ಇಂದಿಗೂ ಸಂತೋಷ ಕೊಡುತ್ತದೆ. ಐದು ಉತ್ತರಗಳಿಗೆ ಬೇರೆ ಬೇರೆ ತೂಕ ಕಟ್ಟುವ ಬದಲು, ಗಣಕದೊಳಗೆ ನಾಲ್ಕು ಕವಡೆಗಳನ್ನೇ ಮಾಡಿಟ್ಟ. ಪ್ರತಿಯೊಂದೂ ಸೊನ್ನೆ ಅಥವಾ ಒಂದು ಆಗುತ್ತದೆ, ನಾಲ್ಕನ್ನೂ ಕೂಡಿಸು, ಮೊತ್ತ ಸೊನ್ನೆಯಾದರೆ ಎಂಟು ಎಂದುಕೊ. ಫಲವನ್ನು ಅನುಕರಿಸುವ ಬದಲು ಫಲ ಹುಟ್ಟುವ ಬಗೆಯನ್ನು ಅನುಕರಿಸಿದ!

ಕೆಲವು ಮಕ್ಕಳು ಅಷ್ಟಕ್ಕೆ ಬಿಡದೆ ನಿಜವಾದ ಕವಡೆಗಳನ್ನು ನೂರಾರು ಸಲ ಹಾಕಿ ಗೀಟೆಳೆದು ಎಣಿಸಿದರು. ಲೆಕ್ಕಕ್ಕೂ ಕವಡೆಗೂ ಸರಿಯಾಗಿ ಹೊಂದಲಿಲ್ಲ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅದು ನಾಣ್ಯದಂತೆ ಎರಡೂ ಕಡೆಗೆ ಸಮನಾಗಿ ಬೀಳಬೇಕೆಂದೇನೂ ಇಲ್ಲ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಹತ್ತನೆಯ ತರಗತಿಯ ಸಂಭವನೀಯತೆಯ ಅಧ್ಯಾಯವನ್ನು ನಾನು ಅನೇಕ ವರ್ಷ ಕಲಿಸಿದ್ದೇನೆ. ಅಲ್ಲಿ ದಾಳವೂ ನಾಣ್ಯವೂ ಸದಾ ನಿಷ್ಪಕ್ಷಪಾತಿಗಳು. ಅವು ಹಾಗಿರುತ್ತವೆಯೇ ಎಂದು ಆ ತರಗತಿಯಲ್ಲಿ ಯಾರೂ ಕೇಳಿದ್ದಿಲ್ಲ, ಏಕೆಂದರೆ ಉತ್ತರದಿಂದ ಯಾರ ಕಾಯಿಯೂ ಸಾಯುತ್ತಿರಲಿಲ್ಲ.

ಇನ್ನೂ ಸರಳವಾದ ಆಟ ಬೇಕೆನ್ನುವವರಿಗೆ ಕಡ್ಡಿಯಾಟವಿದೆ. ಇಪ್ಪತ್ತೊಂದು ಬೆಂಕಿಕಡ್ಡಿ, ಒಬ್ಬರಾದ ಮೇಲೊಬ್ಬರು ಒಂದು, ಎರಡು ಅಥವಾ ಮೂರು ಕಡ್ಡಿ ತೆಗೆಯಬೇಕು, ಕೊನೆಯ ಕಡ್ಡಿ ತೆಗೆದವರು ಗೆದ್ದಂತೆ. ನಿಮ್ ಎಂಬ ಆಟದ ಬಂಧು ಇದು. ಆ ಆಟದ ಗಣಿತವನ್ನು ಚಾರ್ಲ್ಸ್ ಬೌಟನ್ 1901ರಲ್ಲಿಯೇ ಪೂರ್ಣವಾಗಿ ಬಿಡಿಸಿಟ್ಟರು. ಎದುರಾಳಿಗೆ ಸದಾ ನಾಲ್ಕರ ಗುಣಕವನ್ನು ಬಿಟ್ಟರೆ ಸೋಲಿಲ್ಲವೆಂದು ಮಕ್ಕಳು ಅರ್ಧ ದಿನದಲ್ಲಿ ಕಂಡುಕೊಳ್ಳುತ್ತಾರೆ. ಅಲ್ಲಿಗೆ ಆಡುವುದರ ಸ್ವಾರಸ್ಯ ಮುಗಿಯಿತು, ಮಾಡುವುದರದು ಶುರುವಾಯಿತು. ನಿಯಮ ಬದಲಿಸಿ ಹೊಸ ಆಟ ಮಾಡಿ ಎಂದರೆ, ಮೂರರ ಬದಲು ನಾಲ್ಕರವರೆಗೆ ತೆಗೆಯಬಹುದೆಂದು ಒಬ್ಬ ಮಾಡುತ್ತಾನೆ. ರಹಸ್ಯ ಐದರ ಗುಣಕಕ್ಕೆ ಸರಿಯುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಎರಡರವರೆಗೆ ಮಾತ್ರ ಎಂದು ಮಾಡಿ, "ನೀವೇ ಮೊದಲು ಆರಂಭಿಸಿ ಸರ್" ಎಂದು ಬಹಳ ವಿನಯದಿಂದ ಹೇಳಿದಳು. ಇಪ್ಪತ್ತೊಂದು ಮೂರರ ಗುಣಕ; ಆರಂಭಿಸಿದವನ ಗತಿ ಅಲ್ಲಿಗೇ ಮುಗಿಯಿತು. ಆಕೆಯ ವಿನಯದ ಅರ್ಥ ನನಗೆ ಕೂಡಲೇ ತಿಳಿದು ಇಬ್ಬರೂ ನಕ್ಕೆವು.

ಗಣಕದಲ್ಲಿ ಮಕ್ಕಳು ತಾವಾಗಿ ಮಾಡಬಯಸುವ ಆಟವೆಂದರೆ ಮೇಲಿಂದ ಮಾವಿನಹಣ್ಣು ಬೀಳುವುದು, ಕೆಳಗೆ ಬುಟ್ಟಿ ಹಿಡಿಯುವುದು. ಅದರಲ್ಲಿ ಎಲ್ಲರಿಗೂ ಒಂದೇ ಬಗೆಯ ಚಮತ್ಕಾರ ನಡೆಯುತ್ತದೆ. ಹಣ್ಣು ಒಂದೇ, ಅಂಕ ಮಾತ್ರ ಮೂವತ್ತು ನಲವತ್ತು ಏರಿಬಿಡುತ್ತದೆ. ಹಣ್ಣು ಬುಟ್ಟಿಯನ್ನು ಮುಟ್ಟಿದೆಯೇ ಎಂದು ಗಣಕ ಸೆಕೆಂಡಿಗೆ ಹಲವಾರು ಬಾರಿ ನೋಡುತ್ತದೆ. ಮುಟ್ಟಿಕೊಂಡಿರುವಷ್ಟು ಹೊತ್ತೂ ಅಂಕ ಕೊಡುತ್ತಲೇ ಇರುತ್ತದೆ. ಅಂಕ ಕೊಟ್ಟ ಕೂಡಲೇ ಹಣ್ಣನ್ನು ಮೇಲಕ್ಕೆ ಕಳುಹಿಸಬೇಕೆಂದು ಹೇಳಿಕೊಡಲು ಅರೆನಿಮಿಷ ಸಾಕು. ನಾನು ಹೇಳುವುದಿಲ್ಲ. "ಗಣಕ ಸುಳ್ಳು ಹೇಳುತ್ತಿದೆ" ಎಂಬಲ್ಲಿಂದ "ನಾನು ಹೇಳಿದ್ದನ್ನೇ ಅದು ಮಾಡುತ್ತಿದೆ" ಎಂಬಲ್ಲಿಗೆ ಮಗು ತಾನೇ ನಡೆದು ಬರಬೇಕು. ಅದಕ್ಕೆ ಒಮ್ಮೊಮ್ಮೆ ಎರಡು ದಿನ ಹಿಡಿಯುತ್ತದೆ. ಹಿಡಿಯಲಿ. ಗಂಟೆಗೆ ಇಷ್ಟೆಂದು ಶುಲ್ಕ ಪಡೆಯುವ ತರಗತಿಗಳಿಗೆ ಈ ಎರಡು ದಿನ ಕಾಯುವ ಪುರುಸೊತ್ತಿಲ್ಲ ಎಂಬುದೇ ನನ್ನ ಮುಖ್ಯ ತಕರಾರು. ಅಲ್ಲಿ ಶಿಕ್ಷಕರು ಹೇಳಿದ ತುಂಡನ್ನು ಹೇಳಿದ ಸ್ಥಳದಲ್ಲಿ ಜೋಡಿಸಿದ ಮಗು ಒಂದು ಗಂಟೆಯಲ್ಲಿ ಆಟ ಮುಗಿಸಿ ಪ್ರಮಾಣಪತ್ರ ತರುತ್ತದೆ. ಅಂಥ ಪ್ರಮಾಣಪತ್ರಗಳನ್ನು ಗೋಡೆಗೆ ತೂಗುಹಾಕಿದ ಮನೆಗಳನ್ನು ನೋಡಿದ್ದೇನೆ. ಬೀಳುವ ಹಣ್ಣಿನ ಬದಲು ಓಡುವ ಇಲಿ ಮಾಡು ಎಂದರೆ ಮಗು ತಾಯಿಯ ಮುಖ ನೋಡುತ್ತದೆ.

ನನ್ನ ಮಾತನ್ನು ಒಪ್ಪದವರಿದ್ದಾರೆ. ಹಿರಿಯರಾದ ಬಂಧುಗಳೊಬ್ಬರು, ಮಕ್ಕಳು ಮೊಬೈಲಿನ ಆಟದಿಂದಲೇ ಕೆಡುತ್ತಿರುವಾಗ ನೀನು ಆಟವನ್ನೇ ಪಾಠ ಮಾಡಹೊರಟೆಯಲ್ಲ ಎಂದು ಗದರಿದರು. ಅವರ ಭಯ ನಿರಾಧಾರವಲ್ಲ. ಆದರೆ ಬಿಡಲಾಗದಂತೆ ಆಡಿಸುವ ಆ ಆಟಗಳನ್ನೂ ಯಾರೋ ನಿಯಮ ಬರೆದು ಮಾಡಿದ್ದಾರೆ. ಯಾವ ಹಂತದಲ್ಲಿ ಸುಲಭವಾಗಿ ಗೆಲ್ಲಿಸಬೇಕು, ಎಲ್ಲಿ ಸೋಲಿಸಿ ಮತ್ತೆ ಎಳೆಯಬೇಕು ಎಂಬುದೂ ಬರೆದಿಟ್ಟದ್ದೇ. ತನ್ನ ಮಾವಿನಹಣ್ಣಿನ ಆಟದಲ್ಲಿ ತಮ್ಮನನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕೆಂದು ಲೆಕ್ಕ ಹಾಕಿದ ಹುಡುಗನಿಗೆ, ತನ್ನನ್ನೂ ಯಾರೋ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತಿದ್ದಾರೆಂಬುದು ಬೇಗ ತಿಳಿಯುತ್ತದೆ.

ಎರಡನೆಯ ಆಕ್ಷೇಪ ವಿದ್ವಾಂಸರದು, ಅದಕ್ಕೆ ನಾನು ತಲೆಬಾಗುತ್ತೇನೆ. 1984ರಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ, ಮಿಡಿಯನ್ ಕರ್ಲ್ಯಾಂಡ್ ಎಂಬ ಸಂಶೋಧಕರು ಲೋಗೋ ಕಲಿತ ಮಕ್ಕಳನ್ನು ಪರೀಕ್ಷಿಸಿ, ತರಗತಿಯ ಕೆಲಸಗಳನ್ನು ಯೋಜಿಸುವಂತಹ ಬೇರೊಂದು ಕಾರ್ಯದಲ್ಲಿ ಅವರು ಕಲಿಯದ ಮಕ್ಕಳಿಗಿಂತ ಮೇಲಾಗಿಲ್ಲವೆಂದು ತೋರಿಸಿದರು. ಗಣಕದ ಮುಂದೆ ಕೂರಿಸಿದ ಮಾತ್ರಕ್ಕೆ ಬುದ್ಧಿ ತಾನಾಗಿ ಚುರುಕಾಗದು. ಆದ್ದರಿಂದಲೇ ನನಗೆ ಕಾಗದ, ಜಗಳ ಮತ್ತು ಅಜ್ಜಿ, ಈ ಮೂರೂ ಬೇಕು. ಪಕ್ಕದಲ್ಲಿ ಕುಳಿತು "ಹಾಗಾದರೆ ಹೀಗಾದರೆ?" ಎಂದು ಕೇಳುವವರಿಲ್ಲದಿದ್ದರೆ ಸ್ಕ್ರ್ಯಾಚ್ ಕೂಡ ಬಣ್ಣ ತುಂಬುವ ಪುಸ್ತಕವಷ್ಟೇ.

ಮೂರನೆಯದು ಈಗ ಹೊಸದಾಗಿ ಕೇಳಿಬರುವ ಮಾತು: ಕೃತಕ ಬುದ್ಧಿಮತ್ತೆಯೇ ಕಾರ್ಯಕ್ರಮ ಬರೆದುಕೊಡುವಾಗ ಮಕ್ಕಳಿಗೇಕೆ ಈ ಕಷ್ಟ? ಚೌಕಾಬಾರ ಮಾಡಿಕೊಡು ಎಂದರೆ ಅದು ಮಾಡಿಕೊಡುತ್ತದೆ, ನಿಜ. ಯಾರ ಮನೆಯ ಚೌಕಾಬಾರ? ಕಡಿಯದೆ ಒಳಗೆ ಹೋಗಬಹುದೇ ಎಂಬುದನ್ನು ನಾವು ನಿರ್ಧರಿಸಿ, ನಿಖರವಾಗಿ ಹೇಳಬೇಕು. ಬಂದದ್ದು ಸರಿಯೇ ಎಂದು ಆ ಅಜ್ಜಿಯಂತೆ ಪರೀಕ್ಷಿಸಬೇಕು. ಅಲ್ಲದೆ, ಯಂತ್ರ ಕಲಿಯುವುದೆಂದರೇನೆಂದು ತೋರಿಸಲೂ ಆಟವೇ ಸಾಕು. 1961ರಲ್ಲಿ ಡೊನಾಲ್ಡ್ ಮಿಚಿ ಎಂಬ ಬ್ರಿಟಿಷ್ ವಿಜ್ಞಾನಿ 304 ಬೆಂಕಿಪೊಟ್ಟಣಗಳಲ್ಲಿ ಬಣ್ಣದ ಮಣಿಗಳನ್ನು ತುಂಬಿ, ಗೆದ್ದಾಗ ಮಣಿ ಸೇರಿಸಿ, ಸೋತಾಗ ತೆಗೆದು, ಸೊನ್ನೆ-ಗುಣಾಕಾರದ ಆಟವನ್ನು ಆ ಪೊಟ್ಟಣಗಳಿಗೇ ಕಲಿಸಿದರು. ಕಡ್ಡಿಗಳನ್ನು ಹತ್ತಕ್ಕೆ ಇಳಿಸಿದರೆ ನಮ್ಮ ಕಡ್ಡಿಯಾಟಕ್ಕೆ ಹತ್ತು ಪೊಟ್ಟಣ ಸಾಕು. ಈ ಬೇಸಿಗೆಗೆ ಅದನ್ನೇ ಮಾಡಿಸಬೇಕೆಂದಿದ್ದೇನೆ.

ಇದೆಲ್ಲದರಲ್ಲಿ ನನ್ನನ್ನು ಬಾಧಿಸುವುದು ಬೇರೊಂದು ಸಂಗತಿ. ನಮ್ಮ ದೇಶದಲ್ಲಿ ಶಾಲೆಗಳಿಗೆ ಗಣಕ ಬಂದದ್ದು ಈಚೆಗಲ್ಲ. 1984-85ರಲ್ಲಿಯೇ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ಬಿಬಿಸಿ ಮೈಕ್ರೋ ಎಂಬ ಗಣಕಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಗಳಲ್ಲಿ ಕೋಡಿಂಗ್ ಚಟುವಟಿಕೆಗಳಿರಬೇಕೆಂದು ಹೇಳಿತು, ಗಣನಾತ್ಮಕ ಚಿಂತನೆಯ ಹೆಸರನ್ನೂ ಎತ್ತಿತು. ಆದರೂ ನಾನು ಹೋಗಿಬಂದ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಹೇಳಿದ್ದು, "ಕಂಪ್ಯೂಟರಿನ ಭಾಗಗಳಾವುವು? ಮಾನಿಟರ್, ಕೀಬೋರ್ಡ್, ಮೌಸ್." ಕಂಠಪಾಠ. ಬೀಗ ಹಾಕಿದ ಕೊಠಡಿಯಲ್ಲಿ, ಬಟ್ಟೆ ಹೊದ್ದು ಕುಳಿತ ಯಂತ್ರಗಳು. ಪಟ್ಟಣದ ಮಗು ಸಾವಿರಾರು ರೂಪಾಯಿ ತೆತ್ತು ಕಲಿಯದೆ ಬರುತ್ತದೆ; ಹಳ್ಳಿಯ ಮಗುವಿಗೆ ಕಲಿಯುವ ಅವಕಾಶವೇ ಇಲ್ಲ. ಈ ಎರಡನೆಯದು ನನಗೆ ಹೆಚ್ಚು ಸಂಕಟದ ವಿಷಯ, ಏಕೆಂದರೆ ಅದಕ್ಕೆ ಗಣಕವೇ ಬೇಕಾಗಿಲ್ಲ. ಅರ್ಧಕ್ಕಿಂತ ಹೆಚ್ಚು ಕೆಲಸ ನೆಲದ ಮೇಲೆ, ಸುಣ್ಣದ ಗೆರೆಯಲ್ಲಿ, ಕನ್ನಡದಲ್ಲಿಯೇ ಆಗುವಂಥದು. ಗರ, ಕಟ್ಟೆ, ಕಾಯಿ, ಹಣ್ಣು ಎಂದು ಮಗುವಿಗೆ ಮಾತು ತೊದಲಿಲ್ಲದೆ ಬರುವ ಕಡೆಯೇ ಆಲೋಚನೆಯೂ ತೊದಲದೆ ಬರುತ್ತದೆ. ಲೂಪ್, ವೇರಿಯಬಲ್ ಎಂಬ ಹೆಸರುಗಳು ಆಮೇಲೆ ಸೇರಿಕೊಳ್ಳಲಿ, ತೊಂದರೆಯಿಲ್ಲ.

ಆದ್ದರಿಂದ ಫೋನು ಮಾಡಿ ಮಗನ ಕೋಡಿಂಗ್ ಬಗ್ಗೆ ಕೇಳುವ ನನ್ನ ತಂತ್ರಾಂಶದ ಶಿಷ್ಯರಿಗೆ ಒಂದು ಕೋರಿಕೆ. ಊರಿಗೆ ಬಂದಾಗ ನಿಮ್ಮ ಮಗುವನ್ನು ಕರೆದುಕೊಂಡು ನೀವು ಓದಿದ ಶಾಲೆಗೆ ಒಂದು ದಿನ ಹೋಗಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆರು, ಏಳನೆಯ ತರಗತಿಯ ಮಕ್ಕಳನ್ನು ವರಾಂಡದಲ್ಲಿ ಕೂರಿಸಿ ಚೌಕಾಬಾರದ ಕಾಗದ ಬರೆಸಿ. ಉಪನ್ಯಾಸ ಬೇಡ, ನಿಮ್ಮ ಕಂಪನಿಯ ವರ್ಣನೆಯಂತೂ ಬೇಡವೇ ಬೇಡ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಸ್ಕ್ರ್ಯಾಚ್ ತುಂಬಿ ತನ್ನಿ. ಒಂದು ಯಂತ್ರದ ಮುಂದೆ ನಾಲ್ಕು ಮಕ್ಕಳು ಕುಳಿತರೂ ಸರಿಯೇ. ಆದರೆ ಮೌಸನ್ನು ಹುಡುಗಿಯರ ಕೈಗೂ ಸರದಿಯಂತೆ ಕೊಡಿಸುವ ಹೊಣೆ ನಿಮ್ಮದು, ಹುಡುಗರು ತಾವಾಗಿ ಬಿಡುವುದಿಲ್ಲ. ಕವಡೆಗಳನ್ನು ಕೊಳ್ಳಬೇಡಿ, ನನ್ನ ಬಳಿ ಎರಡು ಡಬ್ಬಿ ಇವೆ. ಬರುವ ಹಿಂದಿನ ದಿನ ಒಂದು ಕರೆ ಮಾಡಿದರೆ ತೊಳೆದು ಒಣಗಿಸಿ ಇಟ್ಟಿರುತ್ತೇನೆ.